ಧಾಟಿಯ ಮಾಲೀಕರು ಯಾರು? ಮೂಲ ಗೀತೆ, ಮರುಗಾಯನ ಮತ್ತು ಒಂದು ಹಳೆಯ ಕಿರ್ದಿ ಪುಸ್ತಕ

2025ರ ಜನವರಿಯ ಕೊನೆಯ ವಾರದಲ್ಲಿ ಯಾಪಲದಿನ್ನಿಯ ಯುವ ವರ್ತಕರೊಬ್ಬರು ನನ್ನ ಕಛೇರಿಗೆ ಬಂದಿದ್ದರು. ಬೀಜ ಮತ್ತು ಗೊಬ್ಬರದ ಅಂಗಡಿ ಇಟ್ಟುಕೊಂಡಿರುವ ಅವರು ಸಾಮಾನ್ಯವಾಗಿ ಬರುವುದು ಜಿಎಸ್‌ಟಿ ವಿವರಪಟ್ಟಿಯ ಸಲುವಾಗಿ. ಅಂದು ಮಾತ್ರ ಬಿಲ್ಲುಗಳ ಚೀಲ ತಂದಿರಲಿಲ್ಲ. ಮೊಬೈಲ್ ಫೋನನ್ನು ನನ್ನ ಮೇಜಿನ ಮೇಲಿಟ್ಟು, "ದಾಸರ ಪದಕ್ಕೂ ಮಾಲಕರು ಅದಾರೇನ್ರಿ ಸರ? ದಾಸರು ಹೋಗಿ ಎರಡುನೂರು ವರ್ಷ ದಾಟ್ಯಾವಲ್ರಿ" ಎಂದು ಕೇಳಿದರು.

ವಿಷಯ ಇಷ್ಟೇ. ಶನಿವಾರದ ಭಜನೆಯಲ್ಲಿ ಕೂಡುವ ಅವರ ಐದು ಜನ ಗೆಳೆಯರು ಮಾನ್ವಿಯ ಜಗನ್ನಾಥದಾಸರ ಪದವೊಂದನ್ನು ಹಾಡಿ ಯೂಟ್ಯೂಬಿಗೆ ಏರಿಸಿದ್ದರು. ಕೆಲವೇ ದಿನಗಳಲ್ಲಿ ಧ್ವನಿಮುದ್ರಿಕೆ ಕಂಪನಿಯೊಂದರ ಹೆಸರಿನಲ್ಲಿ ಕೃತಿಸ್ವಾಮ್ಯದ ತಕರಾರು ಬಂದಿತ್ತು. ಅದರ ಜಾಹೀರಾತಿನ ಆದಾಯವೇನಾದರೂ ಬಂದರೆ ಅದು ಆ ಕಂಪನಿಗೆ ಸೇರತಕ್ಕದ್ದು ಎಂಬುದು ತಕರಾರಿನ ಸಾರಾಂಶ. ಆದಾಯ ನೂರಿನ್ನೂರು ರೂಪಾಯಿಯೂ ಇರಲಿಲ್ಲ. ಆದರೆ ಹುಡುಗರಿಗೆ ತಾವು ಕಳ್ಳರೆನಿಸಿಕೊಂಡೆವೆಂಬ ಸಂಕಟ.

ಹಾಡನ್ನು ಕೇಳಿಸಿರೆಂದೆ. ಪಲ್ಲವಿ ಮುಗಿದು ಎರಡನೆಯ ನುಡಿಯಲ್ಲಿ ಧ್ವನಿ ಮೇಲಕ್ಕೇರಿ ಅಲ್ಲಿಯೇ ಒಂದು ಕ್ಷಣ ನಿಂತು ಇಳಿಯುವ ಜಾಗಕ್ಕೆ ಬಂದಾಗ ನಾನು ಫೋನನ್ನು ಕೈಗೆತ್ತಿಕೊಂಡೆ. ಆ ಧಾಟಿ ನನಗೆ ಪರಿಚಿತವಾಗಿತ್ತು. ಅದು ಹುಟ್ಟಿದ ಕೋಣೆಯೂ ಪರಿಚಿತವಾಗಿತ್ತು.

1980ರ ದಶಕದ ಮಧ್ಯಭಾಗದಲ್ಲಿ ರಾಯಚೂರಿನ ರಾಜೇಂದ್ರ ಗಂಜಿನ ಅಡತ್ ಅಂಗಡಿಯೊಂದರ ಮೇಲಂತಸ್ತಿನಲ್ಲಿ ನಮ್ಮದೊಂದು ಸಂಗೀತ ಸಂಘವಿತ್ತು. ಸಂಘವೆಂದರೆ ನೋಂದಣಿ, ಬೈಲಾ ಯಾವುದೂ ಇರಲಿಲ್ಲ. ಒಂದು ಪೇಟಿ, ಒಂದು ಜೊತೆ ತಬಲಾ, ಎರಡು ಜೊತೆ ತಾಳ, ಹತ್ತಿಯ ಧೂಳು ಹಿಡಿದ ಒಂದು ಜಮಖಾನ, ಇಷ್ಟೇ ಅದರ ಆಸ್ತಿ. ಗುರುವಾರ ಸಂಜೆ ಬೈಠಕ್. ಬರುವವರು ಗುಮಾಸ್ತರು, ಇಬ್ಬರು ಹಮಾಲರು, ಒಬ್ಬ ಗಡಿಯಾರ ರಿಪೇರಿಯವರು, ನನ್ನಂತಹ ನಾಲ್ಕಾರು ಬಿ.ಕಾಂ. ವಿದ್ಯಾರ್ಥಿಗಳು. ಪೇಟಿ ನುಡಿಸುತ್ತಿದ್ದವರು ಪ್ರಾಥಮಿಕ ಶಾಲೆಯ ಮಾಸ್ತರರು. ದಸರೆ ಮುಗಿದು ಹತ್ತಿಯ ಆವಕ ಆರಂಭವಾಯಿತೆಂದರೆ ಸಂಕ್ರಾಂತಿಯವರೆಗೆ ಸಂಘಕ್ಕೆ ಅರ್ಧ ಜನರೂ ಬರುತ್ತಿರಲಿಲ್ಲ. ಆ ತಿಂಗಳುಗಳಲ್ಲಿ ಮಾಸ್ತರರು ಒಬ್ಬರೇ ಕುಳಿತು ಹೊಸ ಧಾಟಿಗಳನ್ನು ಕೂಡಿಸುತ್ತಿದ್ದರು.

ಬೈಠಕ್ಕಿನಲ್ಲಿ ಮೊದಲು ದಾಸರ ಪದ, ವಚನ. ಒಂಬತ್ತು ಗಂಟೆಯ ನಂತರ ಚಲನಚಿತ್ರ ಗೀತೆ. ಈ ಎರಡು ಭಾಗಗಳಲ್ಲಿ ನಮ್ಮ ತಕ್ಕಡಿಯೇ ಬೇರೆಯಾಗಿತ್ತೆಂಬುದು ಈಗ ಯೋಚಿಸಿದರೆ ಆಶ್ಚರ್ಯವೆನಿಸುತ್ತದೆ. ಚಿತ್ರಗೀತೆ ಹಾಡುವವನು ಪಿ.ಬಿ. ಶ್ರೀನಿವಾಸ್ ಅಥವಾ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಎಷ್ಟು ಹತ್ತಿರವೋ ಅಷ್ಟು ಚಪ್ಪಾಳೆ. ಒಂದು ಆಲಾಪ ತಪ್ಪಿದರೂ "ರೆಕಾರ್ಡಿನ್ಯಾಗ ಹಂಗಿಲ್ಲ" ಎಂದು ಗಡಿಯಾರದವರು ನಿಲ್ಲಿಸುತ್ತಿದ್ದರು. 1956ರವರೆಗೆ ಹೈದರಾಬಾದ್ ಸಂಸ್ಥಾನಕ್ಕೂ ರಾಜ್ಯಕ್ಕೂ ಸೇರಿದ್ದ ಊರಾದ್ದರಿಂದ ರಫಿ, ಮುಖೇಶ್ ಅವರ ನಕಲುಗಾರರಿಗೂ ಇಲ್ಲಿ ಬರವಿರಲಿಲ್ಲ. ಗಣೇಶ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಅವರಿಗೇ ಹೆಚ್ಚಿನ ಬೇಡಿಕೆ. ಅದೇ ಜನ ದಾಸರ ಪದಕ್ಕೆ ಬಂದರೆ, ಕಳೆದ ವಾರದ ಧಾಟಿಯನ್ನೇ ಮತ್ತೆ ಹಾಡಿದವನನ್ನು ಆಲಸಿ ಎನ್ನುತ್ತಿದ್ದರು.

ಇದಕ್ಕೆ ಕಾರಣವಿದೆ. ನಮ್ಮ ಜಿಲ್ಲೆ ದಾಸಸಾಹಿತ್ಯದ ತವರು. ಚೀಕಲಪರವಿಯ ವಿಜಯದಾಸರು (1682–1755), ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಬ್ಯಾಗವಾಟದಲ್ಲಿ ಜನಿಸಿ ಮಾನ್ವಿಯಲ್ಲಿ ನೆಲೆಸಿದ ಜಗನ್ನಾಥದಾಸರು (1728–1809), ಎಲ್ಲರೂ ಈ ನೆಲದವರು. ಅವರ ಅನೇಕ ಪದಗಳ ತಲೆಯಲ್ಲಿ ರಾಗ, ತಾಳದ ಹೆಸರು ಇರುತ್ತದೆ, ಸ್ವರಲಿಪಿ ಇಲ್ಲ. ಆದುದರಿಂದ ನಾವಿಂದು ಕೇಳುವ ಧಾಟಿಗಳಲ್ಲಿ ಹೆಚ್ಚಿನವು ನಂತರದವರು ಕೂಡಿಸಿದವು. ವಚನಗಳ ಕಥೆಯೂ ಅದೇ. ಮಾತು ಹನ್ನೆರಡನೆಯ ಶತಮಾನದ್ದು, ನಾವು ಕೇಳಿ ಬೆಳೆದ ಧಾಟಿ ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ನಮ್ಮವರೇ ಆದ ಸಿದ್ಧರಾಮ ಜಂಬಲದಿನ್ನಿ ಮೊದಲಾದ ಇಪ್ಪತ್ತನೆಯ ಶತಮಾನದ ಗಾಯಕರದು. ನಗರದ ರಂಗಮಂದಿರಕ್ಕೆ ಜಂಬಲದಿನ್ನಿಯವರ ಹೆಸರಿಟ್ಟಿರುವುದು ಎಲ್ಲರಿಗೂ ತಿಳಿದಿದೆ. ಆದರೆ ಧಾಟಿ ಕೂಡಿಸಿದ ಎಲ್ಲರಿಗೂ ರಂಗಮಂದಿರ ದೊರೆಯುವುದಿಲ್ಲ.

ಈಗ ವರ್ತಕ ಬಾಂಧವರಿಗೆ ಅವಶ್ಯವಾದ ಲೆಕ್ಕಕ್ಕೆ ಬರೋಣ. ಒಂದು ಹಾಡೆಂದರೆ ಒಂದು ಖಾತೆಯಲ್ಲ, ಮೂರು ಖಾತೆ. ಸಾಹಿತ್ಯ ಒಬ್ಬರದು, ಧಾಟಿ ಮತ್ತೊಬ್ಬರದು, ಧ್ವನಿಮುದ್ರಣ ಅದಕ್ಕೆ ಹಣ ಹೂಡಿದ ನಿರ್ಮಾಪಕರದು. 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಮೊದಲೆರಡಕ್ಕೆ ಕರ್ತೃವಿನ ಜೀವಿತಾವಧಿ ಮತ್ತು ಮರಣಾನಂತರ 60 ವರ್ಷ, ಧ್ವನಿಮುದ್ರಣಕ್ಕೆ ಅದು ಪ್ರಕಟವಾದ ನಂತರ 60 ವರ್ಷ ರಕ್ಷಣೆ. ಧಾಟಿಯನ್ನು ಸ್ವರಲಿಪಿಯಲ್ಲಿ ಬರೆದಿಟ್ಟಿರಬೇಕೆಂಬ ನಿಬಂಧನೆಯನ್ನು 1994ರ ತಿದ್ದುಪಡಿ ತೆಗೆದುಹಾಕಿತು. ಮೂಲ ಗೀತೆಯನ್ನು ಬೇರೆಯವರಿಂದ ಹೊಸದಾಗಿ ಹಾಡಿಸಿದರೆ, ಅಂದರೆ ಇಂದಿನವರ ಕವರ್ ಗೀತೆ, ನಮ್ಮ ಕಾಲದವರ ವರ್ಷನ್ ಕ್ಯಾಸೆಟ್ ಮಾಡಿದರೆ, ಮೂರನೆಯ ಖಾತೆಯಿಂದ ಮಾತ್ರ ಬಿಡುಗಡೆ. ಮೊದಲೆರಡರ ಬಾಕಿ ಹಾಗೆಯೇ ಉಳಿಯುತ್ತದೆ. ಅಂಗಡಿಯಲ್ಲಿ ಮೂಲ ಹಾಡಿನ ಬದಲು ಕವರ್ ಗೀತೆ ಹಾಕಿದರೆ ಪರವಾನಗಿ ಬೇಕಿಲ್ಲವೆಂದು ತಿಳಿದಿರುವ ಸದಸ್ಯರು ಇದನ್ನು ಗಮನಿಸಬೇಕು. ಜನಪ್ರಿಯ ಚಿತ್ರಗೀತೆಯ ಧಾಟಿಗೆ ಸೀರೆ ಅಂಗಡಿಯ ಹೆಸರು ಹೊಂದಿಸಿ ಆಟೋದಲ್ಲಿ ಧ್ವನಿವರ್ಧಕ ಕಟ್ಟಿ ತಿರುಗಿಸುವವರೂ ಗಮನಿಸಬೇಕು.

ಮರುಗಾಯನಕ್ಕೆ ಕಾನೂನು ದಾರಿ ಕೊಟ್ಟದ್ದು ನಮ್ಮಲ್ಲಿಯೇ ಮೊದಲಲ್ಲ. ಪಿಯಾನೋ ನುಡಿಸುವ ಯಂತ್ರದ ಕಾಗದದ ಸುರುಳಿಗಳ ವಿವಾದದಿಂದ ಅಮೆರಿಕದಲ್ಲಿ 1909ರಲ್ಲಿಯೇ ಪ್ರತಿಗೆ ಎರಡು ಸೆಂಟ್ ದರದ ಕಡ್ಡಾಯ ಪರವಾನಗಿ ಬಂದಿತ್ತು. ನಮ್ಮ ಅಧಿನಿಯಮದ ಕಲಂ 52(1)(ಜೆ) ಕೂಡ, ಮೊದಲ ಧ್ವನಿಮುದ್ರಣದ ನಂತರ ಎರಡು ವರ್ಷ ಕಾದು, ನೋಟೀಸು ಕೊಟ್ಟು, ರಾಯಧನ ಕಟ್ಟಿ ಮರುಗಾಯನ ಮಾಡಲು ಅವಕಾಶವಿತ್ತಿತ್ತು. ದೆಹಲಿಯಲ್ಲಿ ಹಣ್ಣಿನ ರಸದ ವ್ಯಾಪಾರದಿಂದ ಬಂದ ಗುಲ್ಶನ್ ಕುಮಾರ್ ಅವರ ಟಿ-ಸೀರೀಸ್ 1980ರ ದಶಕದಲ್ಲಿ ಬೆಳೆದದ್ದರಲ್ಲಿ ಅಗ್ಗದ ವರ್ಷನ್ ಕ್ಯಾಸೆಟ್ಟುಗಳ ಪಾಲು ದೊಡ್ಡದು. ನೋಟೀಸು, ರಾಯಧನ ಸಾಕೇ ಅಥವಾ ಒಪ್ಪಿಗೆಯೂ ಬೇಕೇ ಎಂಬ ವಿವಾದದಲ್ಲಿ 2001ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಗ್ರಾಮೊಫೋನ್ ಕಂಪನಿ ಮತ್ತು ಮಾರ್ಸ್ ರೆಕಾರ್ಡಿಂಗ್ ಪ್ರಕರಣ ಹೊರಟದ್ದು ಕರ್ನಾಟಕದಿಂದಲೇ.

2012ರ ತಿದ್ದುಪಡಿ ಈ ಬಾಗಿಲನ್ನು ಕಿರಿದುಗೊಳಿಸಿತು. ಹೊಸ ಕಲಂ 31-ಸಿ ಪ್ರಕಾರ ಕಾಯಬೇಕಾದ ಅವಧಿ ಐದು ವರ್ಷ. ಮೂಲ ಗಾಯಕರ ಹೆಸರು, ಚಿತ್ರ ಬಳಸುವಂತಿಲ್ಲ. ಕವರ್ ಗೀತೆಯೆಂದು ಹೊದಿಕೆಯ ಮೇಲೆ ಮುದ್ರಿಸಬೇಕು. ವರ್ಷಕ್ಕೆ ಪ್ರತಿ ಕೃತಿಗೆ ಕನಿಷ್ಠ 50,000 ಪ್ರತಿಗಳ ರಾಯಧನ ಕಟ್ಟಬೇಕು. ಭಾಷೆ ಅಥವಾ ಉಪಭಾಷೆಯ ಪ್ರಸಾರವನ್ನು ನೋಡಿ ಈ ಕನಿಷ್ಠವನ್ನು ಇಳಿಸಲು ಅವಕಾಶವಿದೆಯಾದರೂ, ಸಾವಿರ ಪ್ರತಿ ಮಾಡುವ ಜಿಲ್ಲಾ ಮಟ್ಟದ ತಯಾರಕನಿಗೆ ಇದು ಕೈಗೆಟುಕುವ ದಾರಿಯಲ್ಲವೆಂದೇ ನನ್ನ ಅಭಿಪ್ರಾಯ. ಅವನು ಹಕ್ಕುದಾರರೊಡನೆ ನೇರವಾಗಿ ಮಾತಾಡಿ ಒಪ್ಪಂದ ಬರೆಯಿಸಿಕೊಳ್ಳುವುದೇ ಸರಿ.

ಒಪ್ಪಂದ ಬರೆಯಿಸಿಕೊಳ್ಳುವುದು ಸರಿ ಎಂದು ಇಂದು ಹೇಳುವ ನಾನು 1996ರಲ್ಲಿ ಹಾಗೆ ಹೇಳಲಿಲ್ಲ. ಆಗ ನನ್ನ ವೃತ್ತಿ ಹೊಸತು. ತೀನ್ ಕಂದೀಲ್ ಬಳಿ ರೇಡಿಯೋ, ಟೇಪ್ ರೆಕಾರ್ಡರ್ ಮಾರುತ್ತಿದ್ದ ನನ್ನ ಕಕ್ಷಿದಾರರೊಬ್ಬರು ಖಾಲಿ ಕ್ಯಾಸೆಟ್ಟಿನ ಜೊತೆಗೆ ತಮ್ಮದೇ ಒಂದು ಭಕ್ತಿಗೀತೆಯ ಕ್ಯಾಸೆಟ್ಟನ್ನೂ ಹೊರತರಬೇಕೆಂದರು. ನಮ್ಮ ಸಂಘದವರೇ ಹಾಡಿದರು. ಎಂಟು ಪದಗಳು, ಎಂಟಕ್ಕೂ ಮಾಸ್ತರರ ಧಾಟಿ. ಸಾವಿರ ಪ್ರತಿ, ಬೆಲೆ 25 ರೂಪಾಯಿ. ಮಾಸ್ತರರಿಗೆ 1,500 ರೂಪಾಯಿ ಗೌರವಧನ. ರಶೀದಿ ಟಿಕೆಟ್ ಅಂಟಿಸಿ ವೋಚರಿಗೆ ಸಹಿ ಹಾಕಿಸಿದವನು ನಾನೇ. ಹೊದಿಕೆಯ ಕಾಗದಕ್ಕೆ ಸಂಗೀತ ಯಾರದೆಂದು ಬರೆಯೋಣ ಎಂಬ ಪ್ರಶ್ನೆ ಬಂದಾಗ, ನಾಳೆ ರಾಯಧನದ ತಾಪತ್ರಯ ಬೇಡವೆಂದು "ಸಾಂಪ್ರದಾಯಿಕ ಧಾಟಿ" ಎಂದು ಹಾಕಿಸಿರಿ ಎಂದು ಸಲಹೆ ಕೊಟ್ಟವನೂ ನಾನೇ. ಕಕ್ಷಿದಾರರ ಹಿತ ಕಾಯ್ದೆನೆಂದು ಆಗ ನನಗೆ ಸಮಾಧಾನವೇ ಆಗಿತ್ತು. ಮಾಸ್ತರರು ಹೊದಿಕೆಯನ್ನು ನೋಡಿ, ಮಡಚಿ, ಕಿಸೆಯಲ್ಲಿಟ್ಟುಕೊಂಡರು. ಏನೂ ಅನ್ನಲಿಲ್ಲ. 2009ರಲ್ಲಿ ಅವರು ತೀರಿಕೊಂಡರು.

ಯಾಪಲದಿನ್ನಿಯ ಹುಡುಗರು ಆ ಪದವನ್ನು ಕಲಿತದ್ದು ಆ ಕ್ಯಾಸೆಟ್ಟಿನಿಂದಲೇ. ಅವರ ಊರಿನ ಗುಡಿಯಲ್ಲಿ ಅದು ವರ್ಷಗಟ್ಟಲೆ ನುಡಿದಿತ್ತು. ತಕರಾರು ಎತ್ತಿದ ಕಂಪನಿಯ ಧ್ವನಿಮುದ್ರಣ 2003ರದು. ಹಾಡುಗಾರರು ಬೇರೆ, ವಾದ್ಯಮೇಳ ದೊಡ್ಡದು, ಧಾಟಿ ಮಾಸ್ತರರದೇ. ಅವರು ಕದ್ದರೆಂದು ನಾನು ಹೇಳಲಾರೆ. ಸಾಂಪ್ರದಾಯಿಕ ಎಂದು ಮುದ್ರಿಸಿದ್ದನ್ನು ನೋಡಿದ ಯಾರೂ ಅದು ಸಾರ್ವಜನಿಕ ಸೊತ್ತೆಂದೇ ನಂಬುತ್ತಾರೆ. ಅವರ ಹೊದಿಕೆಯ ಮೇಲೆ ಮಾತ್ರ ಸಂಗೀತ ಸಂಯೋಜಕರೊಬ್ಬರ ಹೆಸರಿತ್ತು.

ತಕರಾರಿಗೆ ಉತ್ತರ ಕೊಡಲು ನನ್ನ ಮುಂದೆ ಎರಡು ದಾಖಲೆಗಳಿದ್ದವು. ಒಂದು, ಕ್ಯಾಸೆಟ್ಟಿನ ಹೊದಿಕೆ. 1996ರಲ್ಲಿಯೇ ಸಾಂಪ್ರದಾಯಿಕವೆಂದು ಮುದ್ರಿತವಾಗಿದೆಯಾದ್ದರಿಂದ 2003ರ ಕಂಪನಿಗೆ ಧಾಟಿಯ ಮೇಲೆ ಹಕ್ಕಿಲ್ಲ ಎಂದರೆ ಹುಡುಗರು ಸಲೀಸಾಗಿ ಪಾರಾಗುತ್ತಿದ್ದರು. ಮತ್ತೊಂದು, ಕಕ್ಷಿದಾರರ ಮಗ ಅಟ್ಟದಿಂದ ಹುಡುಕಿಕೊಟ್ಟ ಹಳೆಯ ಕಿರ್ದಿ ಪುಸ್ತಕ ಮತ್ತು ವೋಚರ್ ಫೈಲು. ಅಲ್ಲಿ ನನ್ನ ಅಕ್ಷರದಲ್ಲಿಯೇ "ಎಂಟು ಪದಗಳಿಗೆ ಧಾಟಿ ಕೂಡಿಸಿದ ಬಾಬ್ತು, ರೂ. 1,500" ಎಂದಿದೆ. ಎರಡೂ ನಿಜವಾಗಿರಲು ಸಾಧ್ಯವಿಲ್ಲ.

ಮೊದಲನೆಯ ಉತ್ತರದ ಕರಡನ್ನು ಬರೆದೂ ಬರೆದೆ. ಕಳುಹಿಸಲು ಮನಸ್ಸು ಒಪ್ಪಲಿಲ್ಲ.

ವಕೀಲ ಮಿತ್ರರೊಬ್ಬರನ್ನು ಕೇಳಿದಾಗ ಅವರು ಕಲಂ 19ನ್ನು ತೆರೆದು ತೋರಿಸಿದರು. ಕೃತಿಸ್ವಾಮ್ಯದ ವರ್ಗಾವಣೆ ಬರಹದಲ್ಲಿರಬೇಕು, ಕೊಡುವವರ ಸಹಿ ಇರಬೇಕು, ಯಾವ ಕೃತಿ, ಯಾವ ಹಕ್ಕು, ಎಷ್ಟು ಅವಧಿ, ಯಾವ ಪ್ರದೇಶ ಎಂಬುದು ಸ್ಪಷ್ಟವಾಗಿರಬೇಕು. ಅವಧಿ ಹೇಳದಿದ್ದರೆ ಐದು ವರ್ಷವೆಂದೇ ಅರ್ಥ. ನನ್ನ ವೋಚರಿನಲ್ಲಿ ಹಕ್ಕಿನ ಮಾತೇ ಇರಲಿಲ್ಲ. ಅದನ್ನು ವರ್ಗಾವಣೆಯೆಂದು ಎಳೆದು ಓದಿದರೂ 2001ಕ್ಕೆ ಮುಗಿದ ಕಥೆ. ಧಾಟಿ ಮಾಸ್ತರರಲ್ಲಿಯೇ ಉಳಿದಿತ್ತು, ಅವರ ನಂತರ ವಾರಸುದಾರರಿಗೆ, 2069ರ ಕೊನೆಯವರೆಗೆ. ಕಲಂ 57ರಂತೆ, ಹಕ್ಕನ್ನು ಮಾರಿದವನಿಗೂ ತಾನೇ ಕರ್ತೃವೆಂದು ಹೇಳಿಕೊಳ್ಳುವ ಅಧಿಕಾರ ಇರುತ್ತದೆ. ಮಾರದವನಿಂದ ಅದನ್ನು ನಾನು ಒಂದು ಪದದಿಂದ ಕಿತ್ತುಕೊಂಡಿದ್ದೆ.

ಮಾಸ್ತರರ ಒಬ್ಬಳೇ ಮಗಳು ಸಿಂಧನೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾರೆ. ಯಾಪಲದಿನ್ನಿಯ ಯುವಕರನ್ನು ಕರೆದುಕೊಂಡು ಹೋದೆ. ವೋಚರನ್ನು ತೋರಿಸಿ ನಡೆದದ್ದನ್ನು ನಡೆದಂತೆ ಹೇಳಿದೆ. ಅವರು ಕತ್ತರಿ ಕೆಳಗಿಟ್ಟು ಕಾಗದವನ್ನು ಎರಡು ಸಲ ಓದಿದರು. "ಅಪ್ಪ ಆ ಕವರ್ ಇಟ್ಕೊಂಡಿದ್ರು ಅಣ್ಣಾರ. ಸಾಂಪ್ರದಾಯಿಕ ಅಂಬೋದ ಮ್ಯಾಲೆ ಪೆನ್ನಿಲೆ ಗೀಟು ಹೊಡೆದಿದ್ರು" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಅವರ ಅಧಿಕಾರ ಪತ್ರ ಮತ್ತು ವೋಚರಿನ ಪ್ರತಿಯೊಂದಿಗೆ ಉತ್ತರ ಸಲ್ಲಿಸಿದೆವು. ಆಕ್ಷೇಪಕ್ಕೆ ಪ್ರತ್ಯುತ್ತರ ಕೊಡಲು ಎದುರು ಪಕ್ಷಕ್ಕೆ ಮೂವತ್ತು ದಿನದ ಗಡುವು. ಕಂಪನಿಯಿಂದ ಉತ್ತರ ಬರಲಿಲ್ಲ, ತಕರಾರು ತಾನಾಗಿ ಬಿದ್ದುಹೋಯಿತು. 2003ರ ಧ್ವನಿಮುದ್ರಣದ ಬಗ್ಗೆ ಬರೆದ ಪತ್ರಕ್ಕೂ ಉತ್ತರವಿಲ್ಲ. ಅದು ಬೇರೆಯೇ ಹೋರಾಟ, ಅದರ ಖರ್ಚನ್ನು ಹೊರುವ ಶಕ್ತಿ ಸದ್ಯಕ್ಕೆ ಅವರಿಗಿಲ್ಲ.

ಹುಡುಗರ ಒಪ್ಪಂದದ ವಿಷಯದಲ್ಲಿ, ಭಜನೆಯವರಲ್ಲವೇ, ಪುಕ್ಕಟೆಯಾಗಿ ಬರೆದುಕೊಟ್ಟಾರೆಂದು ನಾನು ಊಹಿಸಿದ್ದೆ. ಹಾಗಾಗಲಿಲ್ಲ. ಮಾಸ್ತರರ ಮಗಳು ವರ್ಷಕ್ಕೆ ಐನೂರು ರೂಪಾಯಿ ಕೇಳಿದರು. ಗೊಬ್ಬರದ ವರ್ತಕರು ಮುನ್ನೂರಕ್ಕೆ ಚೌಕಾಸಿ ಮಾಡಿದರು. ಅವರು ಬಗ್ಗಲಿಲ್ಲ. ಒಂದೇ ಪುಟ, ಐದು ವರ್ಷದ ಅವಧಿ, ಹಾಡುವ ಮತ್ತು ಪ್ರಸಾರ ಮಾಡುವ ಹಕ್ಕು ಮಾತ್ರ, ಬೇರೆಯವರಿಗೂ ಕೊಡುವ ಸ್ವಾತಂತ್ರ್ಯ ಅವರದೇ. ಧಾಟಿ ಕೂಡಿಸಿದವರ ಹೆಸರನ್ನು ಹಾಡಿನ ಕೆಳಗೆ ಮೊದಲನೆಯ ಸಾಲಿನಲ್ಲಿ ಬರೆಯತಕ್ಕದ್ದೆಂಬ ಕಲಮನ್ನು ಅವರು ಹೇಳಿದಂತೆಯೇ ಬರೆದೆ. ಮೊದಲ ಐನೂರು ರೂಪಾಯಿ ಅಲ್ಲಿಯೇ, ಹೊಲಿಗೆಯಂತ್ರದ ಪಕ್ಕದಲ್ಲಿ ಅಂಟಿಸಿದ್ದ ಕ್ಯೂಆರ್ ಕೋಡಿಗೆ ಜಮಾ ಆಯಿತು.