ಮಾಣಿಯಲ್ಲಿ ಬಸ್ಸು ಕಾಯುತ್ತಾ ನೂಲು ತೆಗೆದರೆ...

ಮಾಣಿ: ಇಲ್ಲಿ ಬಸ್ಸಿಳಿದವನ ಮುಂದೆ ಎರಡು ರಸ್ತೆ. ಒಂದು ಉಪ್ಪಿನಂಗಡಿ ಮೇಲೆ ಬೆಂಗಳೂರಿಗೆ, ಇನ್ನೊಂದು ಪುತ್ತೂರು, ಸುಳ್ಯ, ಮಡಿಕೇರಿ ಹಾದು ಮೈಸೂರಿಗೆ. ಯಾವ ಕಡೆಗೆ ಹೋಗುವುದಿದ್ದರೂ ಮೊದಲು ಕಾಯುವ ಕೆಲಸ ಉಂಟು! ಕೆಲವರು ಮೊಬೈಲ್ ಒತ್ತುತ್ತಾರೆ, ಕೆಲವರು ಬೀಡಾ ಹಾಕುತ್ತಾರೆ. ಈ ವರದಿಗಾರನಿಗೆ ಮೂರು ತಿಂಗಳಿಂದ ಬೇರೆಯೇ ಹುಚ್ಚು. ತಕಲಿ ತಿರುಗಿಸುವುದು!

ಹುಚ್ಚು ಹಿಡಿಸಿದವರು ಒಬ್ಬ ನಿವೃತ್ತ ಮಾಷ್ಟ್ರು. ಹಿಂದೆ ಶಾಲೆಗಳಲ್ಲಿ ನೂಲುವ ಪೀರಿಯಡ್ ಇತ್ತಲ್ಲ, ಆ ಕಾಲದ ತಕಲಿ ಅವರ ಚೀಲದಲ್ಲಿತ್ತು. ಗೇಣುದ್ದದ ಕಬ್ಬಿಣದ ಸರಿಗೆ, ಕೆಳಗೆ ಹಿತ್ತಾಳೆ ಬಿಲ್ಲೆ, ಮೇಲೆ ಸಣ್ಣ ಕೊಕ್ಕೆ. ಅಷ್ಟೇ ಯಂತ್ರ. ಬಲಗೈಯಲ್ಲಿ ಬುಗುರಿಯ ಹಾಗೆ ತಿರುಗಿಸಬೇಕು, ಎಡಗೈಯಲ್ಲಿ ಹಂಜಿ ಹಿಡಿದು ಮೆಲ್ಲ ಮೇಲಕ್ಕೆ ಎಳೆಯಬೇಕು. ಅರಳೆಗೆ ಹುರಿ ಏರಿ ನೂಲಾಗುವುದನ್ನು ನೋಡಬೇಕು ಮಾರಾಯ್ರೇ! ಜಾಸ್ತಿ ಎಳೆದರೆ ತುಂಡು, ಕಡಿಮೆ ಎಳೆದರೆ ಹಗ್ಗ. "ಹಿಚುಕಬೇಡ ಮಾರಾಯಾ, ಹಕ್ಕಿಮರಿ ಹಿಡಿದ ಹಾಗೆ ಹಿಡಿ" ಎನ್ನುತ್ತಾರೆ ಮಾಷ್ಟ್ರು.

"ಇದರಿಂದ ಎಂತ ಸಿಗ್ತದೆ?" ಅಂಗಡಿಯವರ ಮೊದಲ ಪ್ರಶ್ನೆ. ಏನೂ ಇಲ್ಲ ಸ್ವಾಮೀ! ಕಲಿಯುವವನ ಅರ್ಧ ಗಂಟೆಯ ನೂಲು ಮಾರಿದರೆ ಒಂದು ಚಾಯದ ದುಡ್ಡೂ ಹುಟ್ಟದು. ಆದರೆ ಈಗ ಬಸ್ಸು ಬೇಗ ಬಂದರೇ ಸಿಟ್ಟು ಬರುತ್ತದೆ!

1924ರ ಬೆಳಗಾವಿ ಕಾಂಗ್ರೆಸ್ ನೆನಪಿಸಿಕೊಳ್ಳಿ. ಗಾಂಧೀಜಿ ಅಧ್ಯಕ್ಷರಾದ ಒಂದೇ ಅಧಿವೇಶನ ಅದು. ಸದಸ್ಯರಾಗಬೇಕಾದರೆ ತಿಂಗಳಿಗೆ 2000 ಗಜ ನೂಲು ಕೊಡಬೇಕೆಂದು ಅಲ್ಲಿ ನಿಯಮವಾಯಿತು. ದಿನಕ್ಕೆ ಸುಮಾರು 67 ಗಜ. ಮನಸ್ಸಿಲ್ಲದವರು ಬೇರೆಯವರಿಂದ ನೂಲಿಸಿ ಕೊಡಬಹುದು ಎಂಬ ಸಂದೂ ಇತ್ತೆನ್ನಿ. ಮರುವರ್ಷವೇ ಅದೂ ಭಾರವಾಗಿ, ನಾಲ್ಕಾಣೆ ಕೊಟ್ಟರೂ ಸಾಕು ಎಂದಾಯಿತು. ತಕಲಿ ಹಿಡಿದು ನೋಡಿದವನಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಭಾಷಣ ಬಿಗಿದಷ್ಟು ಸುಲಭವಲ್ಲ ಇದು.

ನಮ್ಮದು ಅಡಿಕೆ-ತೆಂಗಿನ ಜಿಲ್ಲೆ, ಹಂಜಿ ಘಟ್ಟದ ಮೇಲಿಂದಲೇ ಬರಬೇಕು. ಆದರೆ ಹವೆ ನಮ್ಮದೇ ಚಂದ! ಒಣಹವೆಯಲ್ಲಿ ಎಳೆ ಬೇಗ ತುಂಡಾಗುತ್ತದೆ, ಅದಕ್ಕೇ ಗಿರಣಿಗಳಲ್ಲಿ ಗಾಳಿಗೆ ತೇವ ಕೊಡುತ್ತಾರೆ. ನಮಗದು ಪುಕ್ಕಟೆ. ಆಟಿಯ ಮಳೆಯಲ್ಲಿ ಮಾತ್ರ ಅತಿಯಾಗಿ ಹಂಜಿ ಅಂಟಿಕೊಳ್ಳುತ್ತದೆ. ಡಬ್ಬಿಯಲ್ಲಿಟ್ಟು ಮುಚ್ಚಬೇಕು.

ಇದೇ ಮಾಣಿಯಿಂದ ಮೈಸೂರು ಬಸ್ಸು ಹಿಡಿದು, ಆಚೆ ನಂಜನಗೂಡಿಗೆ ಹೋದರೆ ಆ ತಾಲೂಕಿನಲ್ಲೇ ಬದನವಾಳು. 1927ರಲ್ಲಿ ಗಾಂಧೀಜಿ ಹೋಗಿ ನೋಡಿದ ಖಾದಿ ಕೇಂದ್ರ. ಇಂಥ ಕೇಂದ್ರಗಳಲ್ಲಿ ನೂಲುವ ಹೆಂಗಸರಿಗೆ ಇದು ಹೊತ್ತು ಕಳೆಯುವ ಆಟವಲ್ಲ, ಲಡಿ ಲೆಕ್ಕದ ಕೂಲಿ. ಖಾದಿ ಹೋದರೆ ಮಾತ್ರ ಅವರಿಗೆ ಕೆಲಸ. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ತಿದ್ದಿ, ಯಂತ್ರದ ಪಾಲಿಯೆಸ್ಟರ್ ಬಾವುಟಕ್ಕೂ ಸರಕಾರ ಒಪ್ಪಿಗೆ ಕೊಟ್ಟಿತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಧ್ವಜ ಹೊಲಿಯುವವರು ಇದರ ವಿರುದ್ಧ ದನಿ ಎತ್ತಿದರು. ಆಗಸ್ಟ್ ಬಂದಾಗ ಬಾವುಟ ಮಾರುವ ನಮ್ಮ ಅಂಗಡಿಯವರು ಒಮ್ಮೆ ಬಟ್ಟೆ ಮುಟ್ಟಿ ನೋಡಿ ಮಾಲು ತರಿಸಲಿ.

ಮಾಷ್ಟ್ರ ಹತ್ತಿರ ಈಗ ಕಲಿಯುವವರು ನಾಲ್ವರು: ಒಬ್ಬ ಜೀನಸಿನ ಅಂಗಡಿಯವರು, ಒಬ್ಬ ಕಂಡಕ್ಟರ್, ಒಬ್ಬಳು ಕಾಲೇಜು ಹುಡುಗಿ, ಮತ್ತೆ ಈ ವರದಿಗಾರ. ತಕಲಿ ಎರಡೇ. ಹಂಜಿ ಮುಗಿಯುತ್ತಾ ಬಂತು. ಹುಬ್ಬಳ್ಳಿ ಕಡೆ ಹೋಗುವವರಿದ್ದರೆ ಖಾದಿ ಭಂಡಾರದಲ್ಲಿ ವಿಚಾರಿಸಿ ಒಂದು ಕಟ್ಟು ತನ್ನಿ, ದುಡ್ಡು ಇಲ್ಲಿ ಕೊಡ್ತೇವೆ.