ಕಿಲೋಮೀಟರಿಗೆ 1.45 ರೂಪಾಯಿ: ದೆಹಲಿಯಲ್ಲಿ ಹಳೆಯ ಡೀಸೆಲ್ ಕಾರಿನ ಲೆಕ್ಕ

2025ರಲ್ಲಿ ದೆಹಲಿಯ ಬಂಕುಗಳಲ್ಲಿ ಪೆಟ್ರೋಲ್ ಲೀಟರಿಗೆ 94.77 ರೂಪಾಯಿ, ಡೀಸೆಲ್ 87.67. ಊರೊಳಗಿನ ಓಡಾಟದಲ್ಲಿ ಸಣ್ಣ ಪೆಟ್ರೋಲ್ ಕಾರು ಲೀಟರಿಗೆ 15 ಕಿ.ಮೀ., ಅದೇ ಅಳತೆಯ ಡೀಸೆಲ್ ಕಾರು 18 ಕಿ.ಮೀ. ಕೊಡುತ್ತದೆಂದು ಇಟ್ಟುಕೊಳ್ಳೋಣ. ಪೆಟ್ರೋಲಿಗೆ ಕಿಲೋಮೀಟರಿಗೆ 6.32 ರೂಪಾಯಿ, ಡೀಸೆಲಿಗೆ 4.87. ಉಳಿಯುವುದು 1.45. ಓಲ್ಡ್ ರಾಜಿಂದರ್ ನಗರದಲ್ಲಿ ಮನೆ ಮಾಡಿಕೊಂಡು ಪಕ್ಕದ ಕರೋಲ್ ಬಾಗ್‌ನಲ್ಲಿ ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ನೋಡಲು ಹೊರಟವರು ಬೇರೆಲ್ಲ ಖರ್ಚನ್ನೂ ಈ 1.45ರ ಎದುರಿಗಿಟ್ಟು ತೂಗಬೇಕು.

ಇಲ್ಲಿ ಓಡಾಟವೇ ಕಡಿಮೆ. ಕಾರು ನಿಲ್ಲಿಸಲು ಜಾಗವಿಲ್ಲದ ಗಲ್ಲಿಗಳು, ಕೂಗಳತೆಯಲ್ಲಿ ಕರೋಲ್ ಬಾಗ್ ಮತ್ತು ರಾಜೇಂದ್ರ ಪ್ಲೇಸ್ ಮೆಟ್ರೋ. ಐಎಎಸ್ ಪರೀಕ್ಷೆಗೆಂದು ಕರ್ನಾಟಕದಿಂದ ಬಂದ ಹುಡುಗರಿಗೆ ಕಾರು ಬೇಕಾಗುವುದಿಲ್ಲ. ಬೇಕಾಗುವುದು ಇಲ್ಲೇ ಕೆಲಸ ಹಿಡಿದು ಸಂಸಾರ ಹೂಡಿದವರಿಗೆ. ಅವರದು ತಿಂಗಳಿಗೆ 500 ಕಿ.ಮೀ. ಎಂದುಕೊಂಡರೆ ಡೀಸೆಲ್ ಉಳಿಸಿಕೊಡುವುದು 725 ರೂಪಾಯಿ.

ಈಗ ಕಾರಿನ ಬೆಲೆಗೆ ಬರೋಣ. ದೆಹಲಿಯಲ್ಲಿ ಡೀಸೆಲ್ ಕಾರು ಅಗ್ಗವಾಗಿ ಕಾಣುವುದಕ್ಕೆ ಕಾರಣ ಎಂಜಿನ್ ಅಲ್ಲ, ಕ್ಯಾಲೆಂಡರ್. 2015ರ ಏಪ್ರಿಲ್ 7ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನ ದೆಹಲಿ ಸುತ್ತಮುತ್ತ ಓಡಕೂಡದು ಎಂದಿತು. 2018ರ ಅಕ್ಟೋಬರ್ 29ರಂದು ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಪೆಟ್ರೋಲಿಗೆ 15 ವರ್ಷ. 2025ರ ಜುಲೈ 1ರಿಂದ ಅವಧಿ ಮುಗಿದ ವಾಹನಗಳಿಗೆ ಬಂಕಿನಲ್ಲಿ ಎಣ್ಣೆಯೇ ಇಲ್ಲವೆಂಬ ನಿಯಮ ಬಂತು. ನಂಬರ್ ಪ್ಲೇಟ್ ಓದುವ ಕ್ಯಾಮೆರಾ, ಸಿಕ್ಕಿಬಿದ್ದ ಕಾರಿಗೆ 10,000 ರೂಪಾಯಿ ದಂಡ. ದೆಹಲಿಯೊಂದರಲ್ಲೇ ಇಂಥ ವಾಹನಗಳು 62 ಲಕ್ಷ ಎಂದು ಸರ್ಕಾರಿ ಲೆಕ್ಕ. ಜನರ ಸಿಟ್ಟಿಗೆ ಎರಡೇ ದಿನದಲ್ಲಿ ನಿಯಮ ತಣ್ಣಗಾಯಿತು. ಆಗಸ್ಟ್ 12ರಂದು ಸುಪ್ರೀಂ ಕೋರ್ಟ್ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡವೆಂದಿತು. ಡಿಸೆಂಬರ್ 17ರಂದು ಆ ರಕ್ಷಣೆಯನ್ನು ಬಿಎಸ್-4 ಹೊಗೆ ಮಾನದಂಡದ ಮತ್ತು ಅದಕ್ಕಿಂತ ಹೊಸ ವಾಹನಗಳಿಗಷ್ಟೇ ಉಳಿಸಿತು.

'ಕೋರ್ಟೇ ಬಿಟ್ಟಿದೆ, ಇನ್ನೇನು ತೊಂದರೆಯಿಲ್ಲ' ಎಂದು ಮಾರುವವರು ಹೇಳುವುದು ಈ ಆದೇಶವನ್ನು ನೆಚ್ಚಿಕೊಂಡು. ಆರು ತಿಂಗಳೊಳಗೆ ಇಷ್ಟು ಸಲ ಮಗ್ಗುಲು ಬದಲಿಸಿದ ವಿಷಯದ ಮೇಲೆ ಲಕ್ಷಗಟ್ಟಲೆ ಹಣ ಹಾಕುವವರು ಹತ್ತು ವರ್ಷದ ಗೆರೆಯನ್ನೇ ಲೆಕ್ಕಕ್ಕೆ ಹಿಡಿಯುವುದು ಕ್ಷೇಮ. ಅದಲ್ಲದೆ ಚಳಿಗಾಲದ ಕಾಟ ಬೇರೆ. ಗಾಳಿಯ ಗುಣಮಟ್ಟದ ಸೂಚ್ಯಂಕ 400 ದಾಟಿ, ಮಾಲಿನ್ಯ ತಡೆಯ ಹಂತಹಂತದ ಕ್ರಮ ಯೋಜನೆಯಾದ ಗ್ರಾಪ್‌ನ ಮೂರನೇ ಹಂತ ಜಾರಿಯಾದರೆ ಬಿಎಸ್-4 ಡೀಸೆಲ್ ಕಾರು ದೆಹಲಿಯ ರಸ್ತೆಗಿಳಿಯುವಂತಿಲ್ಲ. ಇಳಿಸಿದರೆ ದಂಡ 20,000 ರೂಪಾಯಿ. ವರ್ಷಪೂರ್ತಿ ವಿಮೆ ಕಟ್ಟಿದ ಕಾರು ನವೆಂಬರ್, ಡಿಸೆಂಬರಿನಲ್ಲಿ ಗಲ್ಲಿಯಲ್ಲೇ ಧೂಳು ಕುಡಿಯುತ್ತದೆ.

ಒಂದು ಮಾದರಿ ಲೆಕ್ಕ ನೋಡಿ. ಇಲ್ಲಿನ ಕಾರಿನ ಬೆಲೆಗಳು ಲೆಕ್ಕಕ್ಕಾಗಿ ನಾನು ಹಿಡಿದುಕೊಂಡವು. ನೀವು ನೋಡಿದ ಕಾರಿನ ಅಂಕಿ ಹಾಕಿಕೊಳ್ಳಿ. 2018ರ ಮಾರ್ಚ್‌ನಲ್ಲಿ ನೋಂದಣಿಯಾದ ಡೀಸೆಲ್ ಸ್ವಿಫ್ಟ್. 2026ರ ಮಾರ್ಚ್‌ನಲ್ಲಿ 3,00,000 ರೂಪಾಯಿಗೆ ಕೊಂಡಿರಿ. ದೆಹಲಿಯ ಗೆರೆಗೆ ಉಳಿದದ್ದು 24 ತಿಂಗಳು. ಆಮೇಲೆ ಹೊರರಾಜ್ಯಕ್ಕೆ 1,00,000ಕ್ಕೆ ಮಾರಿದಿರಿ. ಹೋದದ್ದು 2,00,000, ಅಂದರೆ ತಿಂಗಳಿಗೆ 8,333. ಅದೇ ತಿಂಗಳು ನೋಂದಣಿಯಾದ ಪೆಟ್ರೋಲ್ ಸ್ವಿಫ್ಟ್ 3,50,000ಕ್ಕೆ ಸಿಕ್ಕಿತು. ಅದಕ್ಕೆ 2033ರವರೆಗೆ ಆಯುಸ್ಸು, ಹಾಗಾಗಿ ಎರಡು ವರ್ಷದ ಮೇಲೂ 2,50,000 ಬಂತು. ಹೋದದ್ದು ತಿಂಗಳಿಗೆ 4,167. ಡೀಸೆಲ್ ಕಾರು ಕೊಳ್ಳುವಾಗ 50,000 ಅಗ್ಗ, ಇಟ್ಟುಕೊಂಡರೆ ತಿಂಗಳಿಗೆ 4,166 ದುಬಾರಿ.

ಕಿಲೋಮೀಟರಿಗೆ 1.45ರಂತೆ ಆ 4,166ನ್ನು ವಾಪಸು ಪಡೆಯಲು ತಿಂಗಳಿಗೆ 2,870 ಕಿ.ಮೀ. ಓಡಿಸಬೇಕು. ದಿನಕ್ಕೆ ಸುಮಾರು 96. ಓಲ್ಡ್ ರಾಜಿಂದರ್ ನಗರದಿಂದ ಮಾನೇಸರದ ಕಾರ್ಖಾನೆಗೆ ತಿಂಗಳಿಗೆ 25 ದಿನ ಹೋಗಿಬರುವವರೂ ಅಷ್ಟು ಮುಟ್ಟುವುದಿಲ್ಲ.

ಇಷ್ಟಾದರೂ ರಿಪೇರಿಯ ಮಾತು ಬಂದಿಲ್ಲ. ಡೀಸೆಲ್ ಕಾರಿನ ಎಣ್ಣೆ, ಫಿಲ್ಟರು, ಬ್ರೇಕ್ ಪ್ಯಾಡುಗಳ ಖರ್ಚು ಪೆಟ್ರೋಲಿಗಿಂತ ತುಸು ಹೆಚ್ಚು, ಅಷ್ಟೇ; ಅದರ ಬಗ್ಗೆ ಚೌಕಾಸಿ ಮಾಡುತ್ತ ಹೊತ್ತು ಕಳೆಯಬೇಡಿ. ಹೊಡೆತ ಬೀಳುವುದು ನಾಲ್ಕು ಕಡೆ: ಇಂಜೆಕ್ಟರ್, ಟರ್ಬೊ, ಕ್ಲಚ್, ಟೈಮಿಂಗ್ ಚೈನ್ ಅಥವಾ ಬೆಲ್ಟ್. ಕಾಮನ್ ರೈಲ್ ಎಂಜಿನ್ನಿನಲ್ಲಿ ಡೀಸೆಲ್ ಸಾವಿರ ಬಾರ್‌ಗೂ ಮಿಕ್ಕಿದ ಒತ್ತಡದಲ್ಲಿ ನುಗ್ಗುತ್ತದೆ, ನೀರು ಬೆರೆತ ಅಥವಾ ಕೊಳೆ ಸೇರಿದ ಡೀಸೆಲನ್ನು ಅದು ಸಹಿಸುವುದಿಲ್ಲ. ಇವುಗಳಲ್ಲಿ ಒಂದೆರಡು ಕೈಕೊಟ್ಟರೆ ಎಂದು ಎರಡು ವರ್ಷಕ್ಕೆ 40,000 ರೂಪಾಯಿ ಎತ್ತಿಡುವುದು ದುಂದುಗಾರಿಕೆಯಲ್ಲ. ಅದು ತಿಂಗಳಿಗೆ 1,667. ತಿಂಗಳಿಗೆ 500 ಕಿ.ಮೀ. ಓಡಿಸುವವರಿಗೆ ಕಿಲೋಮೀಟರಿಗೆ 3.33. ಉಳಿತಾಯದ ಎರಡು ಪಟ್ಟಿಗೂ ಹೆಚ್ಚು.

ಯಾವ ಎಂಜಿನ್ ಎಂಬುದು ಆದ್ದರಿಂದ ಮುಖ್ಯ. 1,248 ಸಿಸಿಯ ಫಿಯಟ್ ಮಲ್ಟಿಜೆಟ್ ಸ್ವಿಫ್ಟ್, ಡಿಸೈರ್, ರಿಟ್ಜ್, ಇಂಡಿಕಾ ವಿಸ್ಟಾ, ಪುಂಟೊಗಳಲ್ಲೆಲ್ಲ ಕೂತಿತ್ತು. ಅದನ್ನು ಭಾರತದ ರಾಷ್ಟ್ರೀಯ ಎಂಜಿನ್ ಎಂದೇ ತಮಾಷೆ ಮಾಡುತ್ತಿದ್ದರು. 2020ರ ಏಪ್ರಿಲ್‌ನಿಂದ ಮಾರುತಿ ಡೀಸೆಲ್ ಕಾರು ಮಾರುವುದನ್ನು ನಿಲ್ಲಿಸಿದೆ, ಆದರೂ ಇದರ ಬಿಡಿಭಾಗಕ್ಕೆ ಬರವಿಲ್ಲ, ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ಎಲ್ಲೆಡೆ ಸಿಗುತ್ತಾನೆ. ಇದರದು ಚೈನ್. ಬೆಳಗಿನ ತಣ್ಣನೆಯ ಸ್ಟಾರ್ಟಿನಲ್ಲಿ ಮೊದಲ ಕೆಲವು ಕ್ಷಣ ಗಲಗಲ ಸದ್ದು ಬಂದರೆ ಟೆನ್ಷನರ್ ಸವೆದಿರಬಹುದು. ಫೋರ್ಡ್ ಫಿಗೊ ಡೀಸೆಲಿನದು ಬೆಲ್ಟ್. ಅದು ಬದಲಾದ ರಸೀದಿ ಇಲ್ಲದಿದ್ದರೆ ಬದಲಾಗಿಲ್ಲವೆಂದೇ ತಿಳಿಯಿರಿ, ಬೆಲ್ಟ್ ಹರಿದರೆ ವಾಲ್ವುಗಳು ಬಾಗುತ್ತವೆ. ಫೋರ್ಡ್ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿದ್ದು 2021ರ ಸೆಪ್ಟೆಂಬರಿನಲ್ಲಿ. 936 ಸಿಸಿಯ ಷೆವರ್ಲೆ ಬೀಟ್ ಡೀಸೆಲ್ ಇನ್ನೂ ಅಗ್ಗಕ್ಕೆ ಸಿಗುತ್ತದೆ. ಕಂಪನಿ 2017ರ ಕೊನೆಗೇ ಇಲ್ಲಿ ಮಾರಾಟ ಮುಗಿಸಿತು. ಎಷ್ಟೇ ಅಗ್ಗವಾದರೂ ನಾನಂತೂ ಆ ಕಡೆ ನೋಡಲಾರೆ.

ಮೀಟರ್ ತೋರಿಸುವ ಅಂಕಿಯ ವಿಷಯದಲ್ಲಿ ನಮ್ಮವರ ನಂಬಿಕೆ ತಲೆಕೆಳಗು. 'ಎಂಟು ವರ್ಷ, ಬರೀ 40,000 ಓಡಿದೆ' ಎಂದರೆ ಹಿಗ್ಗುತ್ತಾರೆ. 40,000ವನ್ನು ಎಂಟರಿಂದ ಭಾಗಿಸಿ: ವರ್ಷಕ್ಕೆ 5,000, ದಿನಕ್ಕೆ 14 ಕಿ.ಮೀ. ಅಷ್ಟೇ ಓಡಿಸುವವರು ಹೆಚ್ಚು ಹಣ ಕೊಟ್ಟು ಡೀಸೆಲ್ ಯಾಕೆ ಕೊಂಡರು? ಒಂದೋ ಮೀಟರ್ ಹಿಂದಕ್ಕೆ ತಿರುಗಿದೆ. ಇಲ್ಲವೇ ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ನಿಂತು ನಿಂತು, ಹೊಗೆಯನ್ನು ಎಂಜಿನ್ನಿಗೆ ಮರಳಿಸುವ ಇಜಿಆರ್ ವಾಲ್ವಿನಲ್ಲಿ ಮಸಿ ಕಟ್ಟಿದೆ. ಹೆದ್ದಾರಿಯಲ್ಲಿ 1,00,000 ಓಡಿ, ಪ್ರತಿ 10,000ಕ್ಕೆ ಎಣ್ಣೆ ಬದಲಿಸಿದ ರಸೀದಿ ಇರುವ ಕಾರು ಇದಕ್ಕಿಂತ ವಾಸಿ. ಟೈರಿನ ಪಕ್ಕದಲ್ಲಿ ಒತ್ತಿದ ನಾಲ್ಕಂಕಿ ಓದಿ: 2218 ಎಂದಿದ್ದರೆ 2018ರ 22ನೇ ವಾರದ ಟೈರು. 40,000 ಓಡಿದೆಯೆಂದು ಹೇಳುವ ಕಾರಿನಲ್ಲಿ ಈಗಾಗಲೇ ಎರಡು ಸಲ ಟೈರು ಬದಲಾಗಿದ್ದರೆ ಲೆಕ್ಕ ಕೂಡುವುದಿಲ್ಲ.

ನೋಡಲು ಬೆಳಿಗ್ಗೆಯೇ ಹೋಗಿ. ಸ್ಟಾರ್ಟ್ ಮಾಡುವ ಮೊದಲು ಬಾನೆಟ್ ಮುಟ್ಟಿ. ಬಿಸಿಯಿದ್ದರೆ ಮತ್ತೊಂದು ದಿನ ಬರುತ್ತೇನೆಂದು ಹೊರಡಿ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಟರ್ಬೊ ಸೀಲಿನ ಮೇಲೂ ಅನುಮಾನ. ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ಕೂಲೆಂಟ್ ಅಥವಾ ಇಂಜೆಕ್ಟರಿನದು. ಆಕ್ಸಿಲರೇಟರ್ ಒತ್ತಿದಾಗ ದಟ್ಟ ಕಪ್ಪು ಹೊಗೆ ಎಂದರೆ ಗಾಳಿ ಸಾಲದು ಅಥವಾ ಡೀಸೆಲ್ ಹೆಚ್ಚು. ಎಂಜಿನ್ ಓಡುವಾಗ ಆಯಿಲ್ ಮುಚ್ಚಳ ತೆರೆದರೆ ಹೊಗೆ ಬುಸುಗುಟ್ಟಬಾರದು. ಡೀಸೆಲ್ ಎಂಜಿನ್ನಿನ ಆಯಿಲ್ ಹಾಕಿದ ಕೆಲವೇ ದಿನದಲ್ಲಿ ಕಪ್ಪಾಗುತ್ತದೆ, ಜೇನಿನ ಬಣ್ಣದ ಆಯಿಲ್ ಕಂಡರೆ ನಿಮಗಾಗಿಯೇ ನಿನ್ನೆ ಬದಲಿಸಿದ್ದಾರೆ.

ಈ ಬಡಾವಣೆಗೆಂದೇ ಇನ್ನೊಂದು ಪ್ರಶ್ನೆಯಿದೆ. 2024ರ ಜುಲೈ 27ರಂದು ಇಲ್ಲಿನ ಕೋಚಿಂಗ್ ಕೇಂದ್ರವೊಂದರ ನೆಲಮಾಳಿಗೆಗೆ ಮಳೆನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು. ನೀರು ಹಾಗೆ ನಿಲ್ಲುವ ರಸ್ತೆಗಳಲ್ಲಿ ಕಾರುಗಳೂ ನಿಂತಿರುತ್ತವೆ. ಡೀಸೆಲ್ ಎಂಜಿನ್ನಿನ ಕಂಪ್ರೆಷನ್ ಅನುಪಾತ ಸುಮಾರು 17:1. ನೀರು ಕುಗ್ಗುವುದಿಲ್ಲ, ಸಿಲಿಂಡರಿಗೆ ಹೊಕ್ಕರೆ ಕನೆಕ್ಟಿಂಗ್ ರಾಡೇ ಬಾಗುತ್ತದೆ. ಸ್ಟೆಪ್ನಿ ಎತ್ತಿ ಅದರಡಿಯ ತಗ್ಗಿನಲ್ಲಿ ಕೆಸರಿನ ಗೆರೆ ಇದೆಯೇ ನೋಡಿ, ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ, ವಿಮೆಯ ಹಳೆಯ ಕ್ಲೇಮುಗಳನ್ನು ಕೇಳಿ.

ಹಾಗಿದ್ದರೆ ಬಿಎಸ್-6 ಕೊಳ್ಳಬಹುದಲ್ಲ? 2020ರ ಏಪ್ರಿಲ್ ನಂತರದ ಆಲ್ಟ್ರೋಜ್, ಐ20 ಡೀಸೆಲುಗಳಿಗೆ ಗ್ರಾಪ್ ಮೂರನೇ ಹಂತದ ಕಾಟವಿಲ್ಲ. ಆದರೆ ಅವುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಇದೆ. ಅದು ತನ್ನನ್ನು ತಾನೇ ಸುಟ್ಟು ಶುಚಿ ಮಾಡಿಕೊಳ್ಳಲು ಆಗಾಗ ತಡೆಯಿಲ್ಲದ ಓಟ ಬೇಕು. ಪೂಸಾ ರಸ್ತೆಯ ಸಿಗ್ನಲ್ಲುಗಳ ನಡುವೆ ಅದು ಸಿಗುವುದಿಲ್ಲ.

ಡೀಸೆಲ್ ಕಾರಿನ ಲೆಕ್ಕ ಕೂಡಿಬರುವುದು ಊರಿಗೆ ತಂದರೆ. 2025ರ ಬೆಂಗಳೂರಿನ ದರದಲ್ಲಿ ಪೆಟ್ರೋಲ್ 102.92, ಡೀಸೆಲ್ ಸುಮಾರು 91. ಅದೇ ಮೈಲೇಜಿಗೆ ಉಳಿತಾಯ ಕಿಲೋಮೀಟರಿಗೆ 1.80. ಕರ್ನಾಟಕದಲ್ಲಿ ಹತ್ತು ವರ್ಷದ ಗೆರೆಯಿಲ್ಲ. 15 ವರ್ಷಕ್ಕೆ ನೋಂದಣಿ ನವೀಕರಣ. ಆದರೆ ಜೀವಾವಧಿ ತೆರಿಗೆ ಕಟ್ಟಬೇಕು. ಹೊಸದಾಗಿದ್ದಾಗ 8,00,000 ಬೆಲೆಯ ಕಾರಿಗೆ ಶೇ. 14ರಂತೆ 1,12,000. ಹಳತಾದಷ್ಟೂ ಇದು ಇಳಿಯುತ್ತದೆ, ಅರ್ಧ ಎಂದಿಟ್ಟುಕೊಂಡರೆ 56,000. ಓಡಿಸಿಕೊಂಡು ಬರಲು ಸುಮಾರು 2,150 ಕಿ.ಮೀ.ಗೆ, ಲೀಟರಿಗೆ 20ರಂತೆ, 9,700 ರೂಪಾಯಿ ಡೀಸೆಲ್. ಆ 3,00,000ದ ಸ್ವಿಫ್ಟ್ ಮನೆ ಬಾಗಿಲಿಗೆ ಬರುವಾಗ 3,65,700. 2033ರ ಮಾರ್ಚ್‌ವರೆಗೆ 84 ತಿಂಗಳು. ಕೊನೆಗೆ ಬಿಡಿಗಾಸು ಬರದಿದ್ದರೂ ತಿಂಗಳಿಗೆ 4,354, ದೆಹಲಿಯಲ್ಲಿ ಇಟ್ಟುಕೊಂಡದ್ದರ ಹೆಚ್ಚುಕಡಿಮೆ ಅರ್ಧ.

ಇದೆಲ್ಲ ನಿಂತಿರುವುದು ದೆಹಲಿ ಆರ್‌ಟಿಒದ ನಿರಾಕ್ಷೇಪಣಾ ಪತ್ರದ (ಎನ್‌ಒಸಿ) ಮೇಲೆ. ಫಾರಂ 28 ಅದಕ್ಕೆ, 29 ಮತ್ತು 30 ಹೆಸರು ಬದಲಾವಣೆಗೆ, ಬ್ಯಾಂಕಿನ ಸಾಲವಿದ್ದರೆ ತೀರಿಸಿದ್ದಕ್ಕೆ ಫಾರಂ 35. ಬಾಕಿ ಚಲನ್ ಇದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಮುಂಗಡ ಕೊಡುವ ಮೊದಲು ವಾಹನ್ ತಾಣದಲ್ಲಿ ನಂಬರ್ ಹಾಕಿ ನೋಡಿ, ಎನ್‌ಒಸಿ ಕೈಗೆ ಬರುವವರೆಗೆ ದೊಡ್ಡ ಮೊತ್ತ ಕೊಡಬೇಡಿ.