ಹಾಲಿನ ಐದು ರೂಪಾಯಿ ಯಾರ ಖಾತೆಗೆ?

ಮಂಡ್ಯ, ಹಾಸನ, ಕೋಲಾರದ ಹಳ್ಳಿಗಳಿಂದ ದುಬೈ, ದೋಹಾ, ಮಸ್ಕತ್‌ಗೆ ದುಡಿಯಲು ಬಂದ ನಮ್ಮಲ್ಲಿ ಅನೇಕರ ಮನೆಯ ಕೊಟ್ಟಿಗೆಯಲ್ಲಿ ಈಗಲೂ ಹಸುಗಳಿವೆ. ನಾವು ಕಳಿಸುವ ಹಣ ತಿಂಗಳಿಗೊಮ್ಮೆ ಸೇರಿದರೆ, ದಿನದ ಖರ್ಚು ತೂಗಿಸುವುದು ಡೇರಿಗೆ ಹಾಕುವ ಹಾಲು.

ಸಹಕಾರ ಸಂಘಕ್ಕೆ ಹಾಲು ಹಾಕುವವರಿಗೆ ಒಕ್ಕೂಟದ ದರದ ಜೊತೆಗೆ ರಾಜ್ಯ ಸರ್ಕಾರದ ಪ್ರೋತ್ಸಾಹಧನವೂ ಉಂಟು. 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾದ ಇದು 2013ರಲ್ಲಿ 4, 2016ರಲ್ಲಿ 5 ರೂಪಾಯಿ ಆಯಿತು. ಖಾಸಗಿ ಡೇರಿಗೆ ಹಾಕಿದ ಹಾಲಿಗೆ ಇದು ಸಿಗದು. ದಿನಕ್ಕೆ 10 ಲೀಟರ್ ಹಾಕುವ ಮನೆಗೆ ಐದರ ಲೆಕ್ಕದಲ್ಲಿ ತಿಂಗಳಿಗೆ 1,500 ರೂಪಾಯಿ.

ಹಾಲಿನ ಬಟವಾಡೆ ಕೈಸೇರಿದರೂ ಪ್ರೋತ್ಸಾಹಧನ ಹಲವು ಸಲ ತಿಂಗಳುಗಟ್ಟಲೆ ಬಾಕಿ ಉಳಿದಿದೆ. ಹಿಂಡಿ, ಬೂಸಾ ಅಂಗಡಿಯ ಸಾಲ ಅಷ್ಟು ದಿನ ಕಾಯುವುದಿಲ್ಲ. ನಾಲ್ಕು ತಿಂಗಳು ತಡವಾದರೆ ಅದೇ ಮನೆಗೆ 6,000 ರೂಪಾಯಿ ನಿಂತಂತೆ. ಆ ತೂತನ್ನು ಕೊನೆಗೆ ಮುಚ್ಚುವುದು ನಾವು ಕಳಿಸುವ ಹಣವೇ.

ಬಾಕಿ ಬಿಡುಗಡೆ ಸರ್ಕಾರದ ಕೈಯಲ್ಲಿದೆ. ಖಾತೆ ಸರಿಯಿಡುವುದು ಮನೆಯವರ ಕೈಯಲ್ಲಿದೆ. ಹಣ ಹಾಲು ಹಾಕುವವರ ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೇ ನೇರವಾಗಿ ಜಮೆಯಾಗುತ್ತದೆ. ಸಂಘದ ಪುಸ್ತಕದಲ್ಲಿ ಇನ್ನೂ ವಿದೇಶದಲ್ಲಿರುವ ಮಗನ ಹೆಸರೇ ಇದ್ದರೆ, ಹಾಲು ಕರೆಯುವ ತಾಯಿ ತನ್ನ ದುಡ್ಡಿಗೆ ಮಗನನ್ನೇ ಕೇಳಬೇಕು. ಮೇಲಾಗಿ, ಅನಿವಾಸಿಯಾದವರು ಊರಿನ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕೆಂಬ ನಿಯಮವೂ ಇದೆ.

ಈ ಸಲ ರಜೆಗೆ ಊರಿಗೆ ಹೋದಾಗ ಸಂಘದ ಕಾರ್ಯದರ್ಶಿಯನ್ನು ಕಂಡು ಹೆಸರು, ಖಾತೆ ಎರಡನ್ನೂ ನೋಡಿ ಬರೋಣ. ಸಗಣಿ ಬಾಚುವ ಕೈಗೇ ಆ ಐದು ರೂಪಾಯಿ ಸೇರಲಿ.